ಹೊಟ್ಟೆ ಫೈಲು, ಕಾಲಿನ ಫೈಲು

ನಮ್ಮನೆ ಬೀರುವಲ್ಲಿ ಎರಡು ಪ್ಲಾಸ್ಟಿಕ್ ಫೈಲ್ ಇದ್ವು, ಹಸಿರುದು ಹೊಟ್ಟೆದು, ನೀಲಿದು ಕಾಲಿಂದು. ಹೊಟ್ಟೆ ಡಾಕ್ಟ್ರ ಹತ್ರ ಹೋಗೋವಾಗ ಹಸಿರು ಫೈಲ್, ಕಾಲಿನ ಡ್ರೆಸ್ಸಿಂಗ್‌ಗೆ ಹೋಗೋವಾಗ ನೀಲಿ ಫೈಲ್. ಎರಡನ್ನೂ ಒಂದೇ ಟೇಬಲ್ ಮೇಲೆ ಇಡ್ಬೇಕು ಅಂತ ನಂಗೂ ಹೊಳೀಲಿಲ್ಲ, ನಮ್ಮನೆಯವ್ರಿಗೂ ಹೊಳೀಲಿಲ್ಲ, ಕಾಲು ನೋಡಿದ ಡಾಕ್ಟ್ರುಗಳೂ ಕೇಳ್ಲಿಲ್ಲ, ಅಷ್ಟರಲ್ಲಿ ಒಂದು ಉಂಬಳ, ಅಂದ್ರೆ ಜಿಗಣೆ, ಕಚ್ಚಿದ ಜಾಗ ಅಂಗೈ ಅಗಲದ ಹುಣ್ಣಾಗಿ ಕೂತಿತ್ತು. ಇದೇ ತರ ಯಾರಾದ್ರೂ ಒದ್ದಾಡ್ತಿರಬಹುದು ಅಂತ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಕೀವು ಭೇದಿ ಎಲ್ಲ ಬರುತ್ತೆ, ಊಟ ಮಾಡ್ತಾ ಓದ್ಬೇಡಿ.

ಮೊದ್ಲು ಹೊಟ್ಟೆದು ಹೇಳಿ ಮುಗಿಸ್ತೀನಿ. ನಾನು ತೀರ್ಥಹಳ್ಳಿ ಹತ್ರ ಒಂದು ಹೈಸ್ಕೂಲಲ್ಲಿ ಟೀಚರ್. 2017ರಲ್ಲಿ ಶುರುವಾಗಿದ್ದು, ಭೇದಿ, ಜೊತೆಗೆ ರಕ್ತ, ಲೋಳೆ. ಎಲ್ಲರ ತರ ನಾವೂ ಮೂಲವ್ಯಾಧಿ ಅಂದ್ಕೊಂಡ್ವಿ, ಅದಕ್ಕೆ ನಾಟಿ ಔಷಧಿ ಮೂರು ತಿಂಗಳು ಕುಡಿದೆ, ಏಳು ಕೆಜಿ ಇಳಿದೆ. ದಿನಕ್ಕೆ ಎಂಟು ಹತ್ತು ಸಲ ಓಡೋ ಟೀಚರ್ ಪಾಡು ಏನು ಅಂತ ಟೀಚರ್‌ಗಳಿಗೇ ಗೊತ್ತು, ಪೀರಿಯಡ್ ಮಧ್ಯ ಮಕ್ಕಳಿಗೆ ಕಾಪಿ ಬರೆಯೋಕೆ ಕೊಟ್ಟು ಹೋಗ್ತಿದ್ದೆ, ಆ ವರ್ಷ ನನ್ ಕ್ಲಾಸಿನ ಮಕ್ಕಳ ಅಕ್ಷರ ಬಹಳ ಚೆನ್ನಾಗಾಯ್ತು. ಆಮೇಲೆ ಶಿವಮೊಗ್ಗದಲ್ಲಿ ಕೊಲೊನೋಸ್ಕೋಪಿ, ಅಂದ್ರೆ ಹಿಂದಿನಿಂದ ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳು ನೋಡೋದು, ಮಾಡ್ಸಿದ್ವಿ. ಹಿಂದಿನ ದಿನ ಲೀಟರ್‌ಗಟ್ಟಲೆ ಕುಡಿಬೇಕಾದ ಆ ಔಷಧಿ ನೀರಿನ ಮುಂದೆ ಕೊಲೊನೋಸ್ಕೋಪಿ ಏನೂ ಅಲ್ಲ. ಒಳಗಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ರು, ನಮ್ಮಲ್ಲಿ ಕರುಳಿನ ಟಿಬಿ, ಅಮೀಬಾ ಇವೆಲ್ಲ ಹಿಂಗೇ ಕಾಣ್ಬಹುದಂತೆ, ಅದಲ್ಲ ಅಂತ ನೋಡ್ಬೇಕಂತೆ. ರಿಪೋರ್ಟ್‌ನಲ್ಲಿ ಅಲ್ಸರೇಟಿವ್ ಕೊಲೈಟಿಸ್ ಅಂತ ಬಂತು, ಅಂದ್ರೆ ನಮ್ ಮೈಯ ರಕ್ಷಣಾ ಪಡೆನೇ ದೊಡ್ಡ ಕರುಳಿನ ಒಳಗೋಡೆ ಮೇಲೆ ಬಿದ್ದು ಹುಣ್ಣು ಮಾಡೋದು. ಮೆಸಲಮೈನ್ ಮಾತ್ರೆ ಶುರುವಾಯ್ತು, ಹೊಟ್ಟೆ ಒಂದು ಹದಕ್ಕೆ ಬಂತು.

ಚರ್ಮದ್ದು ಮೊದಲ ಸಲ ಬಂದಿದ್ದು 2019ರಲ್ಲಿ. ಪರೀಕ್ಷೆ ಟೈಮು, ಟೆನ್ಷನ್ನು, ನಾನು ಮಾತ್ರೆ ಬೇರೆ ಸರಿಯಾಗಿ ತಗೊಂಡಿರ್ಲಿಲ್ಲ, ಹೊಟ್ಟೆ ಕೆದರ್ತು. ಅದಾಗಿ ಒಂದು ವಾರಕ್ಕೆ ಎರಡೂ ಕಾಲಿನ ಮುಂಭಾಗ, ಮೊಣಕಾಲಿಗೂ ಪಾದಕ್ಕೂ ಮಧ್ಯ, ಗೋಲಿಯಿಂದ ನಿಂಬೆಹಣ್ಣಿನ ಗಾತ್ರದ ತನಕ ಕೆಂಪು ಗಂಟು ಎದ್ವು. ಮುಟ್ಟಿದ್ರೆ ಬಿಸಿ, ಸೀರೆ ಅಂಚು ತಾಗಿದ್ರೂ ಜೀವ ಹೋಗೋದು, ಪಾದದ ಕೀಲು ಬಾತು ಬೆಳಿಗ್ಗೆ ಎದ್ದು ನಿಲ್ಲೋಕೇ ಆಗ್ತಿರ್ಲಿಲ್ಲ. ಬಾಯಲ್ಲೂ ಹುಣ್ಣು. ನಮ್ಮತ್ತೆ ಉಷ್ಣ ಅಂದ್ರು, ಒಂದೆಲಗದ ತಂಬುಳಿ ಮಾಡಿ ಹಾಕಿದ್ರು, ತಂಬುಳಿ ಚೆನ್ನಾಗಿತ್ತು, ಗಂಟು ಹಂಗೇ ಇತ್ತು.

ಹೊಟ್ಟೆ ಡಾಕ್ಟ್ರು ನೋಡಿದ ಕೂಡ್ಲೆ ಹೆಸರು ಹೇಳಿದ್ರು, ಎರಿಥೀಮಾ ನೋಡೋಸಮ್. ಚರ್ಮದ ಕೆಳಗಿನ ಕೊಬ್ಬಿನ ಪದರಕ್ಕೆ ಉರಿಯೂತ ಆಗೋದಂತೆ, ಕರುಳಿನ ಕಾಯಿಲೆ ಇರೋರಲ್ಲಿ ಇದು ಬರೋದುಂಟಂತೆ, ಕೀಲು ನೋವು ಕೂಡ ಅದರ ಜೊತೆಗೇ. ಆದ್ರೂ ಟಿಬಿಗೆ ಅಂತ ಕೈಗೆ ಸೂಜಿ ಚುಚ್ಚಿ ನೋಡೋ ಟೆಸ್ಟು, ಎದೆ ಎಕ್ಸ್‌ರೇ, ಗಂಟಲಿನ ಸೋಂಕಿಗೆ ರಕ್ತ ಪರೀಕ್ಷೆ ಎಲ್ಲ ಮಾಡ್ಸಿದ್ರು, ಯಾಕಂದ್ರೆ ಇಂಥ ಗಂಟು ಅವುಗಳಿಂದಲೂ ಬರುತ್ತಂತೆ. ಹತ್ತಿ ಎಳೆ ತಗೊಂಡು ಕೈ ಕಾಲಿಗೆ ಮುಟ್ಟಿಸಿ ಗೊತ್ತಾಗುತ್ತಾ ಗೊತ್ತಾಗುತ್ತಾ ಅಂತ ಕೇಳಿದ್ರು, ಅದು ಕುಷ್ಠಕ್ಕೆ ನೋಡಿದ್ದು ಅಂತ ಆಮೇಲೆ ಗೊತ್ತಾಗಿ ಎದೆ ಧಸಕ್ ಅಂತು. ಅದ್ಯಾವುದೂ ಇರ್ಲಿಲ್ಲ. ಗಂಟಿಗೆ ಬೇರೆ ಔಷಧಿ ಏನೂ ಕೊಡ್ಲಿಲ್ಲ, ಹೊಟ್ಟೆಗೇ ಸ್ವಲ್ಪ ದಿನ ಸ್ಟೀರಾಯ್ಡ್ ಕೊಟ್ರು, ಹೊಟ್ಟೆ ಕೂತ ಹಾಗೆ ಗಂಟೂ ಕೂತ್ಕೊಂತು. ಪೆಟ್ಟು ಬಿದ್ದ ಜಾಗ ಬಣ್ಣ ಬದಲಾಯ್ಸುತ್ತಲ್ಲ, ಕೆಂಪು ಹೋಗಿ ನೇರಳೆ, ಆಮೇಲೆ ಹಸಿರು ಹಳದಿ, ಹಂಗೆ ಮಾಸ್ತು. ಒಡೀಲಿಲ್ಲ, ಕಲೆ ಕೂಡ ಉಳೀಲಿಲ್ಲ.

ಅಲ್ಲೇ ನಾನೊಂದು ರೂಲ್ ಮಾಡ್ಕೊಂಡೆ. ಹೊಟ್ಟೆ ಕೆಟ್ರೆ ಕಾಲು ಕೆಡುತ್ತೆ, ಹೊಟ್ಟೆ ಸರಿ ಇದ್ರೆ ಕಾಲೂ ಸರಿ. ಯಾರೂ ಹೇಳಿಕೊಟ್ಟಿದ್ದಲ್ಲ, ನಾನೇ ಒಂದು ಸಲದ ಅನುಭವದಿಂದ ಮಾಡ್ಕೊಂಡಿದ್ದು. ಆ ಗಂಟುಗಳ ಮಟ್ಟಿಗೆ ಅದು ಬಹುಪಾಲು ನಿಜವೂ ಹೌದಂತೆ. ಆದ್ರೆ ಕಾಲಿಗೆ ಬರೋದು ಅದೊಂದೇ ಅಲ್ವಲ್ಲ.

2022ರ ಜುಲೈ. ಹೊಟ್ಟೆ ಎರಡು ವರ್ಷದಿಂದ ತಣ್ಣಗಿತ್ತು, ಹಲಸಿನ ಹಣ್ಣು ಕೂಡ ತಿಂದು ಜೀರ್ಣಿಸ್ಕೊಂಡಿದ್ದೆ. ಒಂದು ಭಾನುವಾರ ತೋಟಕ್ಕೆ ಹೋಗಿದ್ದಾಗ ಎಡಗಾಲಿಗೆ, ಮೀನಖಂಡದ ಪಕ್ಕ, ಉಂಬಳ ಹತ್ತಿತ್ತು. ಮಳೆಗಾಲದಲ್ಲಿ ಉಂಬಳ ಕಚ್ಚಿದ್ದನ್ನ ನಮ್ ಕಡೆ ಯಾರೂ ಲೆಕ್ಕಕ್ಕೇ ಇಡಲ್ಲ, ಉಪ್ಪೋ ಸುಣ್ಣವೋ ಹಚ್ಚಿ ಬೀಳಿಸ್ತಾರೆ, ರಕ್ತ ಸ್ವಲ್ಪ ಹೊತ್ತು ಸೋರುತ್ತೆ, ಆಮೇಲೆ ಒಂದು ವಾರ ತುರಿಕೆ. ನಾನೂ ಚೆನ್ನಾಗಿ ಕೆರ್ಕೊಂಡೆ. ನಾಲ್ಕನೇ ದಿನ ಅಲ್ಲೊಂದು ಕೀವಿನ ಗುಳ್ಳೆ, ಎರಡು ದಿನಕ್ಕೆ ಅದು ಒಡೀತು, ಒಡೆದ ಜಾಗ ಹುಣ್ಣಾಯ್ತು. ಎರಡು ವಿಷಯ ವಿಚಿತ್ರ ಇತ್ತು. ಒಂದು, ನೋವು. ಗಾತ್ರ ನೋಡಿದ್ರೆ ಅಡಿಕೆಗಿಂತ ಚಿಕ್ಕದು, ನೋವು ಮಾತ್ರ ಕಾದ ಸೌಟು ಇಟ್ಟಂಗೆ. ಇನ್ನೊಂದು ಅಂಚು. ಹುಣ್ಣಿನ ಸುತ್ತ ನೇರಳೆ ಬಣ್ಣದ ಉಬ್ಬಿದ ಅಂಚು, ಅದರ ಕೆಳಗೆ ಪೊಳ್ಳು, ಮಣ್ಣು ಕೊಚ್ಚಿ ಹೋದ ಹೊಳೆ ದಂಡೆ ಇರುತ್ತಲ್ಲ ಹಂಗೆ.

ಅಡಿಕೆ ಅಂದೆನಲ್ಲ, ಅದು ಬರೀ ಮಾತಿಗೆ ಅಲ್ಲ. ನಮ್ಮನೆಯವ್ರಿಗೆ ಎಲ್ಲದರ ಫೋಟೋ ತೆಗೆಯೋ ಚಟ, ಹುಣ್ಣಿನ ಫೋಟೋನೂ ಮೊದಲ ದಿನದಿಂದ ತೆಗೆದ್ರು, ಗಾತ್ರ ಗೊತ್ತಾಗ್ಲಿ ಅಂತ ಪಕ್ಕದಲ್ಲಿ ಒಂದು ಗೋಟಡಿಕೆ ಇಟ್ಟು. ನಂಗೆ ಆಗ ಸಿಟ್ಟು ಬರ್ತಿತ್ತು, ಇಲ್ಲಿ ನಾನು ಸಾಯ್ತಿದೀನಿ ಇವ್ರಿಗೆ ಅಡಿಕೆ ಅಂತ.

ಒಂದು ನರ್ಸಿಂಗ್ ಹೋಮಿಗೆ ಹೋದ್ವಿ, ಹೆಸರು ಬೇಡ, ಅವ್ರು ಬೇಕಂತ ಮಾಡಿದ್ದೇನಲ್ಲ. ಬಿಪಿ ಶುಗರ್ ಇದ್ಯಾ ಅಂದ್ರು, ಇಲ್ಲ ಅಂದೆ. ಶುಗರ್ ಟೆಸ್ಟ್ ಮಾಡಿದ್ರು, ನಾರ್ಮಲ್. ಅವ್ರು ಕೇಳಿದ್ದು ಅಷ್ಟೇ, ನಾನು ಹೇಳಿದ್ದೂ ಅಷ್ಟೇ. ಮೆಸಲಮೈನ್ ತಗೋತೀನಿ ಅಂತ ಹೇಳ್ಬಹುದಿತ್ತು. ಆದ್ರೆ ಹೊಟ್ಟೆ ಸರಿ ಇತ್ತಲ್ಲ, ನನ್ ರೂಲ್ ಪ್ರಕಾರ ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇನ್ನೊಂದು ನಿಜ ಹೇಳ್ಬೇಕಂದ್ರೆ ಡ್ರೆಸ್ಸಿಂಗ್ ಮಾಡೋ ಹುಡುಗನ ತಂಗಿ ನನ್ ಕ್ಲಾಸಲ್ಲೇ ಇದ್ಲು, ಅವ್ನ ಎದುರು ನಿಂತು ನಂಗೆ ರಕ್ತಭೇದಿ ಕಾಯಿಲೆ ಇದೆ ಅನ್ನೋಕೆ ನಾಚಿಕೆ ಆಯ್ತು. ಆ ನಾಚಿಕೆಗೆ ಎರಡು ತಿಂಗಳು ದಂಡ ಕಟ್ಟಿದೀನಿ.

ಆಂಟಿಬಯಾಟಿಕ್ ಮಾತ್ರೆ ಐದು ದಿನ, ಕಮ್ಮಿ ಆಗ್ಲಿಲ್ಲ. ಬೇರೆ ಮಾತ್ರೆ. ಆಮೇಲೆ ದಿನಾ ಇಂಜೆಕ್ಷನ್. ಕ್ರಿಮಿ ಬೆಳೆಯುತ್ತಾ ನೋಡೋಕೆ ಕೀವು ಕಲ್ಚರ್‌ಗೆ ಕಳಿಸಿದ್ರೆ ಏನೂ ಬೆಳೀಲಿಲ್ಲ ಅಂತ ರಿಪೋರ್ಟು, ಈಗಾಗ್ಲೆ ಆಂಟಿಬಯಾಟಿಕ್ ತಗೊಂಡಿದ್ದಕ್ಕೆ ಬೆಳೆದಿಲ್ಲ ಅಂದ್ರು, ಅದೂ ನ್ಯಾಯನೇ. ಸತ್ತ ಚರ್ಮ ತೆಗೆದು ಕ್ಲೀನ್ ಮಾಡ್ಬೇಕು ಅಂತ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಅಂಚೆಲ್ಲ ಕತ್ತರಿಸಿದ್ರು. ಮೂರು ದಿನಕ್ಕೆ ಹೊಸ ಅಂಚು ನೇರಳೆ ತಿರುಗಿ ಹುಣ್ಣು ಇನ್ನೊಂದು ಬೆರಳು ಮುಂದೆ ಹೋಗಿತ್ತು. ಸೋಂಕು ಹರಡ್ತಿದೆ ಅಂತ ಮತ್ತೆ ಕತ್ತರಿಸಿದ್ರು, ಮತ್ತೆ ಹರಡ್ತು. ಮೂರು ಸಲ ಹಿಂಗಾಯ್ತು. ಡ್ರೆಸ್ಸಿಂಗ್ ಬಿಚ್ಚೋವಾಗ ಅಂಟಿಕೊಂಡ ಬಟ್ಟೆ ಕಿತ್ತು ಬರೋದು, ಆ ಶಬ್ದ ಈಗ್ಲೂ ಕಿವೀಲಿ ಇದೆ.

ಮನೇಲಿ ಇನ್ನೊಂದು ಕಥೆ. ಅತ್ತೆ ನಾಗರ ದೋಷ ಇರಬಹುದು ಅಂತ ಹರಕೆ ಹೊತ್ರು. ಪಕ್ಕದ ಮನೆಯವ್ರು ಹುಣ್ಣಿಗೆ ಸೊಪ್ಪು ಕಟ್ಟೋರ ಹತ್ರ ಕರ್ಕೊಂಡು ಹೋದ್ರು, ಅದನ್ನ ಕಟ್ಟಿದ ರಾತ್ರಿ ಉರಿ ತಡೀಲಾರದೆ ಮೂರು ಗಂಟೆಗೆ ಬಚ್ಚಲಲ್ಲಿ ಕೂತು ತಣ್ಣೀರು ಬಿಟ್ಕೊಂಡು ಅತ್ತಿದೀನಿ. ಯಾರ ಮೇಲೂ ಬೇಜಾರಿಲ್ಲ, ಅತ್ತೆ ಅವತ್ತು ರಾತ್ರಿ ನನ್ ಜೊತೆ ಬಚ್ಚಲು ಬಾಗಿಲಲ್ಲೇ ಕೂತಿದ್ರು, ಲಾಟೀನು ಹಿಡ್ಕೊಂಡು, ಕರೆಂಟ್ ಬೇರೆ ಇರ್ಲಿಲ್ಲ.

ಆಗಸ್ಟ್ ಕೊನೇಲಿ ಶಿವಮೊಗ್ಗದಲ್ಲಿ ಒಬ್ಬರು ಸರ್ಜನ್ ತೊಡೆ ಚರ್ಮ ತೆಗೆದು ಕಾಲಿಗೆ ಕಸಿ ಮಾಡೋಣ ಅಂತ ಡೇಟ್ ಕೊಟ್ರು. ಅಡಿಕೆ ಮರಕ್ಕೆ ಕಸಿ ಮಾಡಲ್ಲ ನನಗೆ ಮಾಡ್ತಾರಂತೆ ಅಂತ ನಾನೇ ಜೋಕ್ ಮಾಡಿದೆ, ಯಾರೂ ನಗ್ಲಿಲ್ಲ. ಉಡುಪಿಯಲ್ಲಿರೋ ನಮ್ಮಕ್ಕ ಫೋನಲ್ಲಿ, ಕಸಿ ಗಿಸಿ ಆಮೇಲೆ, ಮೊದ್ಲು ಇಲ್ಲಿ ಮಣಿಪಾಲಕ್ಕೆ ಬಂದು ಚರ್ಮದ ಡಾಕ್ಟ್ರಿಗೆ ತೋರ್ಸು ಅಂದ್ಲು. ಅಲ್ಲಿ ತನಕ ಒಬ್ಬ ಚರ್ಮದ ಡಾಕ್ಟ್ರೂ ನನ್ ಕಾಲು ನೋಡಿರ್ಲಿಲ್ಲ ಅಂತ ಆಗ ತಲೆಗೆ ಹೋಯ್ತು ನೋಡಿ. ಚರ್ಮದ ಡಾಕ್ಟ್ರು ಅಂದ್ರೆ ನಮ್ಗೆ ಮೊಡವೆ, ತುರಿಕೆ, ಕಜ್ಜಿಗೆ. ಇಷ್ಟು ದೊಡ್ಡ ಹುಣ್ಣಿಗೆ ಸರ್ಜನ್ನೇ ಬೇಕು ಅಂತ ನಮ್ ಲೆಕ್ಕ.

ಅಣ್ಣನ ಕಾರಲ್ಲಿ ಹಿಂದಿನ ಸೀಟಲ್ಲಿ ಕಾಲು ಚಾಚ್ಕೊಂಡು ಆಗುಂಬೆ ಘಾಟಿ ಇಳಿದ್ವಿ. ಹದಿನಾಲ್ಕು ತಿರುವು, ಜೋರು ಮಳೆ, ಪ್ರತಿ ತಿರುವಿಗೂ ಕಾಲು ಜಾರಿ ಬಾಗಿಲಿಗೆ ತಾಗೋದು. ಸೂರ್ಯಾಸ್ತ ನೋಡೋ ಜಾಗದಲ್ಲಿ ಮಂಜು ಬಿಟ್ರೆ ಏನೂ ಕಾಣ್ಲಿಲ್ಲ, ನೋಡೋ ಮನಸ್ಸೂ ಇರ್ಲಿಲ್ಲ.

ಡಾಕ್ಟ್ರು ನನ್ನ ವಯಸ್ಸಿನೋರೇ, ಹೆಂಗಸು. ಬ್ಯಾಂಡೇಜ್ ಬಿಚ್ಚಿದ್ರು, ಮುಟ್ಲಿಲ್ಲ, ಬಗ್ಗಿ ಅಂಚನ್ನೇ ಸುಮಾರು ಹೊತ್ತು ನೋಡಿದ್ರು. "ಇಷ್ಟು ದೊಡ್ಡದಾಗ್ಲಿಕ್ಕೆ ಎಷ್ಟು ದಿನ ಹಿಡೀತು?" ಅಂದ್ರು. ನಮ್ಮನೆಯವ್ರು ಮೊಬೈಲ್ ತೆಗೆದು ಅಡಿಕೆ ಫೋಟೋಗಳನ್ನ ಸಾಲಾಗಿ ತೋರಿಸಿದ್ರು, ಡೇಟ್ ಸಮೇತ. ಅವ್ರು ಒಂದೊಂದೇ ನೋಡ್ತಾ "ಕ್ಲೀನ್ ಮಾಡಿದ್ದು ಯಾವಾಗೆಲ್ಲ?" ಅಂತ ಕೇಳಿದ್ರು, ನೀಲಿ ಫೈಲಲ್ಲಿ ಬಿಲ್ ಇತ್ತಲ್ಲ, ಡೇಟ್ ಹೇಳಿದ್ವಿ. ಪ್ರತಿ ಸಲ ಕತ್ತರಿಸಿದ ಮೂರ್ನಾಲ್ಕು ದಿನಕ್ಕೆ ಅಡಿಕೆ ಸಣ್ಣದಾಗ್ತಾ ಬಂದಿತ್ತು. ಆಮೇಲೆ ನನ್ ಎಡಗೈ ಹಿಡ್ದು ತಿರುಗಿಸಿದ್ರು, ಹಿಂದಿನ ವಾರ ಸೂಜಿ ಚುಚ್ಚಿದ ಜಾಗದಲ್ಲಿ ಒಂದು ಕೀವಿನ ಗುಳ್ಳೆ ಇತ್ತು, ನಾನು ಗಮನ ಕೊಟ್ಟಿರ್ಲಿಲ್ಲ. ಅದನ್ನ ನೋಡ್ತಾನೇ ಕೇಳಿದ್ರು, "ಹೊಟ್ಟೆದ್ದು ಎಂತಾದ್ರೂ ತೊಂದ್ರೆ ಉಂಟಾ? ಭೇದಿ, ರಕ್ತ ಹೋಗುದು, ಅಂಥದ್ದು?"

ನಾನು ನಮ್ಮನೆಯವ್ರ ಮುಖ ನೋಡಿದೆ, ಅವ್ರು ನನ್ ಮುಖ ನೋಡಿದ್ರು. ಹಸಿರು ಫೈಲು ಬೀರುವಲ್ಲಿತ್ತು. ಮನೆಗೆ ಫೋನ್ ಮಾಡಿ, ಮೈದುನನ ಮಗ ಒಂದೊಂದು ಹಾಳೆ ಫೋಟೋ ಹೊಡೆದು ವಾಟ್ಸಾಪ್ ಮಾಡ್ದ, ನಮ್ ಊರಿನ ನೆಟ್‌ವರ್ಕಲ್ಲಿ ಅದು ಬರೋಕೆ ಮುಕ್ಕಾಲು ಗಂಟೆ.

ಪಯೋಡರ್ಮಾ ಗ್ಯಾಂಗ್ರಿನೋಸಮ್ ಅಂತ ಹೆಸರು. ಪಯೋಡರ್ಮಾ ಅಂದ್ರೆ ಕೀವಿನ ಸೋಂಕು, ಗ್ಯಾಂಗ್ರಿನ್ ಅಂದ್ರೆ ಕೊಳೆಯೋದು, ಎರಡೂ ಇದಲ್ಲ ಅಂದ್ರು ಡಾಕ್ಟ್ರು. 1930ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾಕ್ಟ್ರುಗಳು ಐದು ಜನ ರೋಗಿಗಳನ್ನ ನೋಡಿ ಇದು ಸೋಂಕು ಅಂದ್ಕೊಂಡು ಆ ಹೆಸರಿಟ್ಟಿದ್ದಂತೆ, ಆ ಐದು ಜನರಲ್ಲಿ ನಾಲ್ಕು ಜನಕ್ಕೆ ನನ್ನಂಗೇ ಅಲ್ಸರೇಟಿವ್ ಕೊಲೈಟಿಸ್ ಇತ್ತಂತೆ. ಹೆಸರಿಟ್ಟೋರೇ ಸೋಂಕು ಅಂದ್ಕೊಂಡಿದ್ರು ಅಂದ್ಮೇಲೆ ನಮ್ ನರ್ಸಿಂಗ್ ಹೋಮಿನೋರ ಮೇಲಿನ ಸಿಟ್ಟು ಅರ್ಧ ಇಳೀತು. ಕ್ರಿಮಿ ಇಲ್ಲದೇ ಇದ್ರೂ ರಕ್ತದ ಬಿಳಿಕಣಗಳು ಚರ್ಮದ ಮೇಲೆ ದಂಡೆತ್ತಿ ಬರೋದು ಇದು. ಎಲ್ಲಿ ಗಾಯ ಆಗುತ್ತೋ ಅಲ್ಲಿಗೆ ಬರ್ತವೆ, ಉಂಬಳದ ಗಾಯ ಆಗ್ಲಿ, ಸೂಜಿದಾಗ್ಲಿ, ಡಾಕ್ಟ್ರ ಕತ್ತರಿದಾಗ್ಲಿ. ಇದಕ್ಕೆ ಪ್ಯಾಥರ್ಜಿ ಅಂತಾರಂತೆ. ಕಸಿ ಮಾಡ್ಸಿದ್ರೆ ತೊಡೇಲೂ ಇಂಥದ್ದೇ ಇನ್ನೊಂದು ಏಳೋ ಸಾಧ್ಯತೆ ಇತ್ತು ಅಂದಾಗ ನಾನು ಕುರ್ಚಿ ಕೈ ಗಟ್ಟಿಯಾಗಿ ಹಿಡ್ಕೊಂಡೆ.

ಹೊಟ್ಟೆ ಸರಿ ಇತ್ತಲ್ಲ ಮೇಡಂ ಅಂದೆ. "ಅದು ಹೊಟ್ಟೆ ಮಾತು ಕೇಳುದಿಲ್ಲ" ಅಂದ್ರು. ಕೆಂಪು ಗಂಟು ಸಾಮಾನ್ಯವಾಗಿ ಹೊಟ್ಟೆ ಜೊತೆಗೇ ಏಳುತ್ತೆ ಕೂರುತ್ತೆ, ಇದು ಕರುಳು ಶಾಂತ ಇದ್ದಾಗಲೂ ಬರುತ್ತಂತೆ. ಹೋಯ್ತು ನನ್ ರೂಲು.

ಬಯಾಪ್ಸಿಗೆ ಅಂಚಿಂದ ಒಂದು ಚೂರು ತೆಗೀಬೇಕು ಅಂದ್ರು. ಗಾಯ ಮಾಡಿದ್ರೆ ಹೆಚ್ಚಾಗುತ್ತೆ ಅಂತ ಈಗ ತಾನೇ ಹೇಳಿ ನೀವೂ ಕತ್ತರಿಸ್ತೀರಲ್ಲ ಅಂತ ಕೇಳೇಬಿಟ್ಟೆ. ಬಯಾಪ್ಸಿಯಲ್ಲಿ ಇದೇ ಕಾಯಿಲೆ ಅಂತ ಮುದ್ರೆ ಒತ್ತಿ ಹೇಳೋ ಗುರುತು ಏನೂ ಇಲ್ಲ, ಆದ್ರೆ ಟಿಬಿ, ಫಂಗಸ್, ಕ್ಯಾನ್ಸರ್, ರಕ್ತನಾಳದ ಕಾಯಿಲೆ ಅಲ್ಲ ಅಂತ ಗೊತ್ತಾಗ್ಬೇಕು, ಯಾಕಂದ್ರೆ ಇದಕ್ಕೆ ಕೊಡೋ ಔಷಧಿ ಸೋಂಕಿದ್ರೆ ಅದನ್ನ ಬೆಳೆಸುತ್ತೆ ಅಂತ ವಿವರಿಸಿದ್ರು. ಕಾಲಿನ ರಕ್ತ ಓಡಾಟ ನೋಡೋಕೆ ಡಾಪ್ಲರ್ ಕೂಡ ಮಾಡಿದ್ರು. ರಿಪೋರ್ಟಲ್ಲಿ ಬರೀ ಬಿಳಿಕಣಗಳ ಗುಂಪು.

ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ 50 ಮಿಲಿಗ್ರಾಮ್ ಶುರು ಮಾಡಿದ್ರು, ಅಂಚಿಗೆ ಹಚ್ಚೋಕೆ ಸ್ಟೀರಾಯ್ಡ್ ಮುಲಾಮು. ಮೂರನೇ ರಾತ್ರಿ ನಾನು ನಿದ್ದೆ ಮಾಡಿದೆ. ಎರಡು ತಿಂಗಳಲ್ಲಿ ಮೊದಲ ಸಲ, ಬೆಳಿಗ್ಗೆ ಏಳಕ್ಕೆ ಎಚ್ಚರ ಆಗಿ ನೋವು ಎಲ್ಲಿ ಹೋಯ್ತು ಅಂತ ಹುಡುಕಿದೆ. ಹುಣ್ಣು ಅಷ್ಟೇ ದೊಡ್ಡದಿತ್ತು, ಆದ್ರೆ ಅಂಚಿನ ನೇರಳೆ ಮಂಕಾಗಿತ್ತು. ಡ್ರೆಸ್ಸಿಂಗ್ ಇನ್ಮೇಲೆ ಮನೇಲೇ, ಸಲೈನ್ ಹಾಕಿ ತೊಳೆಯೋದು, ಉಜ್ಜೋದಿಲ್ಲ, ಕೆರೆಯೋದಿಲ್ಲ, ಅಂಟದ ಜಾಲರಿ ಬಟ್ಟೆ ಇಟ್ಟು ಮೇಲೆ ಸಡಿಲ ಬ್ಯಾಂಡೇಜು. ಇದನ್ನ ಕಲಿತಿದ್ದು ಅತ್ತೆ. ಕೈ ತೊಳ್ಕೊಂಡು ಗ್ಲೌಸ್ ಹಾಕ್ಕೊಂಡು ಅವ್ರು ಮಾಡ್ತಿದ್ದ ಡ್ರೆಸ್ಸಿಂಗ್ ಅಷ್ಟು ಹಗುರ ಯಾವ ಆಸ್ಪತ್ರೆಯಲ್ಲೂ ನೋಡಿಲ್ಲ. ಹರಕೆ ಕೂಡ ಬಿಡ್ಲಿಲ್ಲ ಅವ್ರು, ಅದೂ ತೀರಿಸಿದ್ರು.

ಸ್ಟೀರಾಯ್ಡ್ ಪುಕ್ಕಟೆ ಅಲ್ಲ. ಮುಖ ಇಡ್ಲಿ ಆಯ್ತು, ರಾತ್ರಿ ಎರಡಕ್ಕೆ ಎದ್ದು ಕಡುಬು ತಿನ್ನೋ ಹಸಿವು, ಶುಗರ್ ಸ್ವಲ್ಪ ಏರ್ತು, ಮೂಳೆಗೆ ಅಂತ ಕ್ಯಾಲ್ಸಿಯಂ, ವಿಟಮಿನ್ ಡಿ. ಮತ್ತೆ ಸ್ಕೂಲಿಗೆ ಹೋದಾಗ ಎಂಟನೇ ಕ್ಲಾಸಿನ ಒಬ್ಬ, ಮೇಡಂ ನೀವು ಈಗ ಚೆನ್ನಾಗಿ ಕಾಣ್ತೀರಿ, ಮೊದ್ಲು ಒಣಗಿದ್ರಿ ಅಂದ. ಅವ್ನಿಗೆ ಬೈಯೋಕೆ ಆಗ್ಲಿಲ್ಲ.

ಡೋಸ್ ಇಳಿಸ್ತಾ ಇಳಿಸ್ತಾ 15ಕ್ಕೆ ಬಂದಾಗ ಅಂಚು ಮತ್ತೆ ನೇರಳೆ. ಡಾಕ್ಟ್ರಿಗಿಂತ ಮೊದ್ಲು ಗೊತ್ತಾಗಿದ್ದು ನೋವಿಗೆ. ಈ ಸಲ ಎರಡೂ ಫೈಲು ಒಟ್ಟಿಗೆ ತಗೊಂಡು ಹೋದ್ವಿ, ಚರ್ಮದ ಡಾಕ್ಟ್ರೂ ಹೊಟ್ಟೆ ಡಾಕ್ಟ್ರೂ ಮಾತಾಡ್ಕೊಂಡು ಇನ್‌ಫ್ಲಿಕ್ಸಿಮಾಬ್ ಅನ್ನೋ, ಮೈಯ ರಕ್ಷಣಾ ಪಡೆನ ತಣ್ಣಗೆ ಮಾಡೋ ಡ್ರಿಪ್ ಔಷಧಿ ಕೊಡೋಣ ಅಂದ್ರು, ಕರುಳಿಗೂ ಅದೇ ಔಷಧಿ, ಹುಣ್ಣಿಗೂ ಅದೇ. ಅದಕ್ಕೆ ಮುಂಚೆ ಮತ್ತೆ ಎದೆ ಎಕ್ಸ್‌ರೇ, ಟಿಬಿಗೆ ರಕ್ತದ ಟೆಸ್ಟು, ಹೆಪಟೈಟಿಸ್ ಬಿ, ಯಾಕಂದ್ರೆ ಮೈಯೊಳಗೆ ಮಲಗಿರೋ ಟಿಬಿಯನ್ನ ಈ ಔಷಧಿ ಎಬ್ಬಿಸ್ಬಹುದಂತೆ. ಮೊದಲ ಡ್ರಿಪ್, ಎರಡು ವಾರಕ್ಕೆ ಇನ್ನೊಂದು, ಆರನೇ ವಾರಕ್ಕೆ ಇನ್ನೊಂದು, ಆಮೇಲೆ ಎಂಟು ವಾರಕ್ಕೊಂದು ಸಲ. ಬೆಳಿಗ್ಗೆ ಘಾಟಿ ಇಳಿದು ಎರಡು ಗಂಟೆ ಡ್ರಿಪ್ ಹಾಕಿಸ್ಕೊಂಡು ಅಕ್ಕನ ಮನೇಲಿ ಊಟ ಮಾಡಿ ಸಂಜೆ ಘಾಟಿ ಹತ್ತೋದು. ರೇಟು ಕೇಳಿ ನಮ್ಮನೆಯವ್ರು ಅಲ್ಲೇ ಲೆಕ್ಕ ಹಾಕಿದ್ರು, ಒಂದು ಡ್ರಿಪ್‌ಗೆ ಮುಕ್ಕಾಲು ಕ್ವಿಂಟಾಲ್ ರಾಶಿ ಅಡಿಕೆ. ಆ ವರ್ಷ ಮನೆಗೆ ಹೆಂಚು ಬದಲಾಯ್ಸೋದಿತ್ತು, ಆಗ್ಲಿಲ್ಲ, ಈಗ್ಲೂ ಅಡುಗೆಮನೆ ಮೂಲೇಲಿ ಸೋರುತ್ತೆ.

ಜನವರಿ ಹೊತ್ತಿಗೆ ಹುಣ್ಣು ಮುಚ್ಚಿತು. ಅಂಚಿಂದ ಒಳಗೆ ಎಳೆ ಎಳೆಯಾಗಿ ಚರ್ಮ ಹಬ್ಬಿದ್ದು, ಉಳಿದಿರೋ ಕಲೆ ತೆಳ್ಳಗೆ, ಕಂದು ಬಣ್ಣ, ಮಧ್ಯ ಮಧ್ಯ ಜರಡಿ ತರ ಗುಳಿ. ಇಂಥ ಕಲೆ ಈ ಹುಣ್ಣಿನ ಸಹಿ ಅಂತ ಡಾಕ್ಟ್ರು ಹೇಳಿದ್ರು. ಮಧ್ಯ ಒಂದ್ಸಲ ಅಂಗೈಯಲ್ಲಿ ಸೋರಿಯಾಸಿಸ್ ತರ ಸಿಪ್ಪೆ ಎದ್ದಿತ್ತು, ಸೋರಿಯಾಸಿಸ್‌ಗೆ ಕೊಡೋ ಇದೇ ಔಷಧಿಯಿಂದ ಕೆಲವ್ರಿಗೆ ಸೋರಿಯಾಸಿಸ್ ಬರುತ್ತಂತೆ, ಇದಕ್ಕೇನನ್ನೋದು. ಮುಲಾಮಿಗೇ ಹೋಯ್ತು ಅದು.

ಈಗ ಫೈಲು ಒಂದೇ, ಕೆಂಪುದು, ದಪ್ಪಗಿದೆ. ಮೊದಲ ಹಾಳೆಯಲ್ಲಿ ನಾನೇ ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದೀನಿ, ಅಲ್ಸರೇಟಿವ್ ಕೊಲೈಟಿಸ್ ಇದೆ, ಪಯೋಡರ್ಮಾ ಆಗಿದೆ, ಗಾಯ ಕತ್ತರಿಸೋ ಮುಂಚೆ ಕೇಳಿ ಅಂತ. ಹಲ್ಲಿನ ಡಾಕ್ಟ್ರ ಹತ್ರ ಹೋದಾಗ್ಲೂ ಅದನ್ನೇ ಮೊದ್ಲು ಮುಂದೆ ಇಟ್ಟೆ, ಬಿಪಿ ಶುಗರ್ ಕೇಳೋಕೆ ಮುಂಚೆ. ಕಾಂಪೌಂಡರ್ ಯಾರ ಅಣ್ಣ ಆಗಿದ್ರೂ ಪರವಾಗಿಲ್ಲ.

ತೋಟಕ್ಕೆ ಗಂಬೂಟ್ ಹಾಕ್ಕೊಂಡೇ ಹೋಗ್ತೀನಿ, ಆದ್ರೂ ಕಳೆದ ಮಳೆಗಾಲ ಒಂದು ಉಂಬಳ ಹೆಂಗೋ ಒಳಗೆ ಸೇರಿ ಬಲಗಾಲಿಗೆ ಹತ್ತಿತ್ತು. ಕೂತ್ಕೊಂಡು ಉಪ್ಪು ಹಾಕಿ ಬೀಳಿಸಿ, ಕೆರ್ಕೋಬಾರ್ದು ಅಂತ ಎರಡು ಕೈಯನ್ನೂ ತೊಡೆ ಕೆಳಗೆ ಇಟ್ಕೊಂಡು ಜಗಲಿ ಮೇಲೆ ಕೂತಿದ್ದೆ. ನಮ್ಮನೆಯವ್ರು ಏನೂ ಮಾತಾಡ್ದೆ ಒಳಗೆ ಹೋಗಿ ಮೊಬೈಲು, ಒಂದು ಗೋಟಡಿಕೆ ತಗೊಂಡು ಬಂದ್ರು.